ಮೀನಿಗೆ ಫ್ಯಾನು, ನಮಗೆ ಬೀಸಣಿಗೆ

ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲಿ ಮೊದಲು ಬೆವರುವವನು ನಾನು. ಸೆಕೆಗಲ್ಲ, ಥರ್ಮಾಮೀಟರ್ ನೋಡಿ.

ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ, ಗಾಜಿನ ಟ್ಯಾಂಕಿನೊಳಗೆ, ನೂರು ಲೀಟರಿನ ಒಂದು ಸಮುದ್ರವಿದೆ. ಅದರಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಒಂದು ಸೀಗಡಿ, ಎರಡು ಸನ್ಯಾಸಿ ಏಡಿ, ಐದಾರು ಬಗೆಯ ಹವಳ. ಇವರೆಲ್ಲರ ಬೇಡಿಕೆ ಒಂದೇ: ನೀರು 25-26 ಡಿಗ್ರಿ ಇರಬೇಕು. ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೆ ಸುಧಾರಿಸಿಕೊಳ್ಳುತ್ತಾರೆ. 30 ದಾಟಿ ಅಲ್ಲೇ ನಿಂತರೆ ಮಾತ್ರ ಹವಳಕ್ಕೆ ಸಿಟ್ಟು ಬರುತ್ತದೆ. ಅದರ ಮೈಯೊಳಗೆ ಬಾಡಿಗೆಗಿದ್ದು, ಬೆಳಕು ಹಿಡಿದು ಅಡುಗೆ ಮಾಡಿ ಬಡಿಸುವ ಸಣ್ಣ ಪಾಚಿ ಇರುತ್ತದಲ್ಲ, ಅದನ್ನೇ ಆಚೆ ದಬ್ಬುತ್ತದೆ. ಆಮೇಲೆ ಬಣ್ಣ ಹೋಗಿ ಬೆಳ್ಳಗಾಗಿ ಉಪವಾಸ ಕೂರುತ್ತದೆ.

ಆ ದಿನ ಥರ್ಮಾಮೀಟರ್ 29.6 ತೋರಿಸಿತು. ಹೊರಗಿನ ಬಿಸಿಲು ಸಾಲದೆಂದು ಮೇಲಿನ ದೀಪ, ಒಳಗಿನ ಪಂಪು ಎರಡೂ ತಮ್ಮ ಪಾಲಿನ ಶಾಖ ಸೇರಿಸುತ್ತಿದ್ದವು. ನಾನು ಮುಚ್ಚಳ ತೆಗೆದೆ. ಅಮ್ಮನ ಮಂಚದ ಪಕ್ಕದಲ್ಲಿದ್ದ ಟೇಬಲ್ ಫ್ಯಾನ್ ತಂದು ನೀರಿನ ಮೇಲೆ ಗಾಳಿ ಬೀಸುವ ಹಾಗೆ ಇಟ್ಟೆ.

"ಏನೋ, ಮೀನಿಗೂ ಬೆವರುತ್ತಾ?" ಅಂದರು ಅಮ್ಮ.

"ಮೀನಿಗಲ್ಲಮ್ಮ, ನೀರಿಗೆ ಬೆವರಿಸ್ತಿದೀನಿ."

ಸುಮ್ನೆ ಹೇಳಿದ್ದಲ್ಲ, ಲೆಕ್ಕ ಹಾಕಿಯೇ ಹೇಳಿದ್ದು. ನೂರು ಲೀಟರಿನಲ್ಲಿ ಒಂದು ಲೀಟರ್ ಆವಿಯಾದರೆ, ಅದು ಹೊತ್ತೊಯ್ಯುವ ಶಾಖ ಉಳಿದ ನೀರನ್ನು ಐದು ಡಿಗ್ರಿಗೂ ಜಾಸ್ತಿ ತಂಪು ಮಾಡುವಷ್ಟು. ಸುತ್ತಲ ಸೆಕೆ ಮತ್ತೆ ಒಳಗೆ ನುಗ್ಗುತ್ತಲೇ ಇರುವುದರಿಂದ ಕೈಗೆ ದಕ್ಕುವುದು ಎರಡೋ ಮೂರೋ ಡಿಗ್ರಿ. ಗಾಳಿಯಲ್ಲಿ ತೇವ ಜಾಸ್ತಿಯಿದ್ದರೆ ಅದೂ ಇಲ್ಲ. ನನ್ನ ಪುಣ್ಯ, ಸಂಜೆಗೆ 27 ಆಯಿತು. ಎದೆಯುಬ್ಬಿಸಿಕೊಂಡು ಮಲಗಿದೆ.

ರಾತ್ರಿ "ಟಪ್" ಎಂದು ಸದ್ದಾಯಿತು. ಹಲ್ಲಿ ಇರಬೇಕು ಅಂದಳು ಹೆಂಡತಿ. ಹಲ್ಲಿಯಾಗಿರಲಿಲ್ಲ. ನಮ್ಮ ಗೋಬಿ ನೆಲದ ಮೇಲೆ ಒದ್ದಾಡುತ್ತಿತ್ತು! ಗೋಬಿಗಳು ಹೈಜಂಪ್ ಪಟುಗಳು ಎಂದು ಗೊತ್ತಿದ್ದೂ ಮುಚ್ಚಳ ತೆಗೆದಿಟ್ಟಿದ್ದೆ. ಒದ್ದೆ ಕೈಯಲ್ಲಿ ಎತ್ತಿ ವಾಪಸ್ ಬಿಟ್ಟೆ. ಎರಡು ದಿನ ಅದು ಕಲ್ಲಿನ ಸಂದಿಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ನಮ್ಮ ಸೊಳ್ಳೆ ಪರದೆಯ ಒಂದು ತುಂಡು ಟ್ಯಾಂಕಿನ ಮೇಲೇರಿತು. ಪರದೆಯಲ್ಲಿ ಉಳಿದ ತೂತಿನ ಲಾಭ ಪಡೆದವು ಸೊಳ್ಳೆಗಳು.

ಆದರೆ ನನ್ನ ಬುದ್ಧಿವಂತಿಕೆ ಪೂರ್ತಿ ಬೆಳಗಿದ್ದು ಆಮೇಲೆ. ಫ್ಯಾನಿನ ಗಾಳಿಗೆ ದಿನಕ್ಕೆ ಎರಡು ಲೀಟರ್ ನೀರು ಕಡಿಮೆಯಾಗುತ್ತಿತ್ತು. ಸಮುದ್ರದ ನೀರು ತಾನೇ ಕಡಿಮೆಯಾಗಿದ್ದು? ದಿನಾ ಶ್ರದ್ಧೆಯಿಂದ ಉಪ್ಪು ಅಳೆದು, ಕಲಸಿ, ಎರಡು ಲೀಟರ್ ಉಪ್ಪುನೀರು ಸುರಿದೆ. ಒಂದು ವಾರ. ಹವಳಗಳೆಲ್ಲ ಮುದುಡಿದವು. ಸೀಗಡಿ ಮೂಲೆ ಹಿಡಿಯಿತು. ಉಪ್ಪಿನಂಶ ಅಳೆದರೆ (ಶುದ್ಧ ನೀರು 1 ಎಂದಾದರೆ ಈ ನೀರು ಎಷ್ಟು ಭಾರ ಎನ್ನುವ ಲೆಕ್ಕ) 1.025 ಇರಬೇಕಾದದ್ದು 1.029ರ ಹತ್ತಿರಕ್ಕೆ ಬಂದಿದೆ. ಆವಿಯಾಗಿ ಹೋಗುವುದು ಬರೀ ನೀರು, ಉಪ್ಪೆಲ್ಲ ಅಲ್ಲೇ ಉಳಿಯುತ್ತದೆ. ಶಾಲೆಯಲ್ಲಿ ಓದಿದ ಪಾಠ! ಉಪ್ಪು ತಿಂದವನು ನೀರು ಕುಡಿಯಬೇಕು ಅಂತಾರೆ. ನೀರು ಕೇಳಿದವರಿಗೆ ನಾನು ಉಪ್ಪು ತಿನ್ನಿಸಿದ್ದೆ. ಒಮ್ಮೆಗೇ ಸರಿ ಮಾಡಲು ಹೋದರೆ ಅದೂ ಅವುಗಳಿಗೆ ಆಘಾತ. ಹೀಗಾಗಿ ಸ್ವಲ್ಪ ಸ್ವಲ್ಪ ಉಪ್ಪುನೀರು ತೆಗೆದು, ಉಪ್ಪಿಲ್ಲದ ಶುದ್ಧ ನೀರು ಸೇರಿಸುತ್ತಾ ನಾಲ್ಕೈದು ದಿನ ಪ್ರಾಯಶ್ಚಿತ್ತ ಮಾಡಿಕೊಂಡೆ.

ನಡುವೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಫ್ರೀಜರಿನಲ್ಲಿ ಗಟ್ಟಿಯಾಗಿದ್ದ ಮೂರು ಲೀಟರ್ ಬಾಟಲಿಗಳು ನೆನಪಾದವು. ಮೂರನ್ನೂ ಒಟ್ಟಿಗೆ ತೇಲಿಬಿಟ್ಟೆ. ಟ್ಯಾಂಕ್ ಕಂಠಪೂರ್ತಿ ತುಂಬಿತ್ತು ಎನ್ನುವುದನ್ನು ಮರೆತಿದ್ದೆ. ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಲ್ಲಿ ಕಲಿತದ್ದನ್ನು ನಾನು ಹಾಲಿನ ನೆಲ ಒರೆಸುತ್ತಾ ಕಲಿತೆ.

ಕೊನೆಗೆ ನೀರು ತಂಪು ಮಾಡುವ ಯಂತ್ರ, ಚಿಲ್ಲರ್, ಬಂತು. ಅದನ್ನು ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿಟ್ಟು, ಅಂದ ಕೆಡಬಾರದೆಂದು ಬಾಗಿಲು ಹಾಕಿದೆ. ಚಿಲ್ಲರ್ ನೀರಿನ ಶಾಖವನ್ನು ತೆಗೆದು ಹೊರಗೆ ಬಿಡುತ್ತದೆ ಅಷ್ಟೇ, ನುಂಗಿಬಿಡುವುದಿಲ್ಲ. ಒಂದು ಗಂಟೆಯಲ್ಲಿ ಕಪಾಟು ಒಲೆಯಾಯಿತು. ಬಾಗಿಲು ತೆಗೆದೆ. ಹಾಲ್ ಒಲೆಯಾಯಿತು. ಹೋಗಲಿ, ನೀರು ತಂಪಾಗಿದೆಯಲ್ಲ ಎಂದು ಕಿಟಕಿಯೆಲ್ಲ ತೆರೆದು, ಹಳೇ ಬೀಸಣಿಗೆ ಹಿಡಿದು ಕೂತೆವು. ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಚಿಲ್ಲರ್ ಒಂದು ನಿಮಿಷವೂ ಸುಮ್ಮನಾಗುತ್ತಿರಲಿಲ್ಲ, ನಡುರಾತ್ರಿಯಲ್ಲೂ.

ವಾರ ಕಳೆದ ಮೇಲೆ ಹೆಂಡತಿ ಟ್ಯಾಂಕಿನ ಹಿಂದೆ ಬಗ್ಗಿ ನೋಡಿದಳು. "ರೀ, ಇಲ್ಲೊಂದು ಕೆಂಪು ದೀಪ ಉರೀತಾ ಇದೆ, ಇದೇನು?"

ಹೀಟರ್. ಚಳಿಗಾಲದಲ್ಲಿ ಹಾಕಿದ್ದು, ತೆಗೆದಿರಲಿಲ್ಲ. ಅದನ್ನು 26ಕ್ಕೆ ಇಟ್ಟಿದ್ದೆ, ಚಿಲ್ಲರನ್ನು 25ಕ್ಕೆ. ಇವನು ಇಳಿಸುತ್ತಾನೆ, ಅವನು ಏರಿಸುತ್ತಾನೆ. ಒಂದು ವಾರ ಹಗಲೂ ರಾತ್ರಿ ಇಬ್ಬರೂ ಪಟ್ಟು ಬಿಡದೆ ಕುಸ್ತಿ ಮಾಡಿದ್ದರು. ಆ ತಿಂಗಳ ಕರೆಂಟ್ ಬಿಲ್ ನಾನೇ ಮೊದಲು ತೆಗೆದುಕೊಂಡು ಜೇಬಿಗಿಟ್ಟೆ.

ಈಗ ಹೀಟರ್ 24ಕ್ಕೆ, ಚಿಲ್ಲರ್ 26ಕ್ಕೆ. ನಡುವೆ ಎರಡು ಡಿಗ್ರಿ ಕದನ ವಿರಾಮ. ಹವಳ ಮತ್ತೆ ಬಿಚ್ಚಿಕೊಂಡಿದೆ. ಗೋಬಿ ಆಗಾಗ ಪರದೆಗೆ ತಲೆ ಚಚ್ಚಿಕೊಂಡು ಒಳಗೆ ಬೀಳುತ್ತದೆ.

ಕೆಲಸ ಮುಗಿಯಿತೆಂದು ಟೇಬಲ್ ಫ್ಯಾನ್ ಒರೆಸಿ ಅಮ್ಮನ ಮಂಚದ ಪಕ್ಕ ಇಟ್ಟುಬಂದೆ. ಉಪ್ಪು ಹಿಡಿದು ತುಕ್ಕು ತಿಂದಿದ್ದ ಅದು ಕಿರ್ರ್ ಎಂದು ತಿರುಗಿತು. ಐದೇ ನಿಮಿಷಕ್ಕೆ ಅಮ್ಮ ಅದನ್ನು ಎತ್ತಿಕೊಂಡು ಬಂದರು.

"ಸಮುದ್ರದ ವಾಸನೆ ಬರ್ತಿದೆ ಕಣೋ. ಮೀನಿಗೇ ಇಟ್ಕೋ. ನನಗೊಂದು ಹೊಸದು ತಂದ್ಕೊಡು."