ನಿಮ್ಮದು ನಡೆಯುತ್ತದಾ?

ಮಕ್ಕಳ ಒಂಬತ್ತು ತಿಂಗಳ ಇಂಜೆಕ್ಷನ್ ಅಂದರೆ ದಡಾರ ಮತ್ತು ರುಬೆಲ್ಲಾ ಬಾರದಿರಲಿ ಅಂತ ಕೊಡುವುದು. ಚುಚ್ಚುವವರಿಗೆ ಅರ್ಧ ನಿಮಿಷದ ಕೆಲಸ. ನಿಜವಾದ ಪರೀಕ್ಷೆ ನಡೆಯುವುದು ಹೊರಗಿನ ಬೆಂಚಿನಲ್ಲಿ. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಅಂಥ ಬೆಂಚಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಒಟ್ಟಿಗೆ ಕೂತಿರುತ್ತವೆ. ಯಾವ ಭಾಷೆಯಲ್ಲಿ ಬಂದರೂ ಪ್ರಶ್ನೆ ಒಂದೇ. ನಿಮ್ಮದು ನಿಲ್ಲುತ್ತದಾ? ನಡೆಯುತ್ತದಾ?

"ನಮ್ಮದು ಕೂತುಕೊಳ್ಳುತ್ತದೆ" ಎಂದೆ. ಮಗಳು ಚಂದ ಕೂತುಕೊಳ್ಳುತ್ತಿದ್ದಳು ಕೂಡ. ಬೆನ್ನು ನೆಟ್ಟಗೆ, ಹೊಟ್ಟೆ ಮುಂದೆ, ಸೊಸೈಟಿ ಬ್ಯಾಂಕಿನ ಅಧ್ಯಕ್ಷರ ಹಾಗೆ. ಪಕ್ಕದವರ ಹುಡುಗ ಬೆಂಚು ಹಿಡಿದು ನಿಂತು ನಮ್ಮ ಚೀಲದ ಜಿಪ್ ಎಳೆಯುತ್ತಿದ್ದ. ಅವನ ಅಜ್ಜಿ ನನ್ನ ಹೆಂಡತಿಯ ಭುಜ ಮುಟ್ಟಿ, "ಬೇಜಾರು ಮಾಡಬೇಡ ಮಗಾ, ಕೆಲವು ಮಕ್ಕಳು ನಿಧಾನ" ಎಂದರು. ಅಲ್ಲಿವರೆಗೆ ಅವಳಿಗೆ ಬೇಜಾರೇ ಇರಲಿಲ್ಲ.

ಒಳಗಿದ್ದ ನರ್ಸ್ ಒಳ್ಳೆಯವರು. "ಒಂದೂವರೆ ವರ್ಷವಾದರೂ ನಡೆಯದಿದ್ದರೆ ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೆ ನೆಂಟರಿಗೆ ತೋರಿಸಬೇಡಿ" ಎಂದರು. ಮೊದಲನೆಯದು ಸುಲಭ.

ಆಮೇಲೆ ಸ್ವಲ್ಪ ದಿನಕ್ಕೆ ಮಗಳು ಹೊರಟಳು. ಅಂಬೆಗಾಲಿಟ್ಟು ಅಲ್ಲ, ಕುಂಡೆಯಲ್ಲಿ. ಎಡಗಾಲು ಮಡಚಿ ಅಡಿಗೆ ಹಾಕುವುದು, ಬಲಗಾಲಿನ ಹಿಮ್ಮಡಿ ಊರುವುದು, ಒಂದು ಕೈ ನೆಲಕ್ಕೆ ಒತ್ತಿ ಸರ್ರನೆ ಜಾರುವುದು. ನಮ್ಮದು ಹಳೆಯ ಮನೆ, ಕಾವಿ ನೆಲ. ಜಾರುವುದಕ್ಕೆಂದೇ ಹೇಳಿ ಮಾಡಿಸಿದ್ದು. ಇನ್ನೊಂದು ಕೈ ಪೂರ್ತಿ ಖಾಲಿ, ಅದರಲ್ಲಿ ಚಮಚವೋ ನನ್ನ ಚಪ್ಪಲಿಯೋ ಇರುತ್ತಿತ್ತು. ಅಂಬೆಗಾಲಿನ ಮಕ್ಕಳಿಗೆ ಈ ಅನುಕೂಲ ಇಲ್ಲ, ನೋಡಿ. ಚಡ್ಡಿಗಳೆಲ್ಲ ಒಂದೇ ಜಾಗದಲ್ಲಿ ಸವೆದು ಜಾಲರಿಯಾದವು.

ಹೆಬ್ಬೆರಳು, ತೋರುಬೆರಳು ಸೇರಿಸಿ ಇರುವೆ ಹೆಕ್ಕುವುದರಲ್ಲಂತೂ ಅವಳನ್ನು ಮೀರಿಸುವವರಿರಲಿಲ್ಲ. ಅದೂ ಬೆಳವಣಿಗೆಯ ಪಟ್ಟಿಯಲ್ಲಿರುವ ಸಾಧನೆಯೇ. ಆದರೆ "ನಮ್ಮ ಮಗು ಇರುವೆ ಹೆಕ್ಕುತ್ತದೆ" ಅಂತ ಯಾರ ಹತ್ತಿರ ಹೇಳುವುದು?

ಅಮ್ಮನಿಗೆ ಈ ಜಾರಾಟ ಸರಿ ಕಾಣಲಿಲ್ಲ. ಬಾಳೆಕಾಯಿ ಹುಡಿಯ ಮಣ್ಣಿ ಜಾಸ್ತಿ ಮಾಡಿದರು. ಕಾಲಿಗೆ ಎಣ್ಣೆ ತಿಕ್ಕಿದರು. ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿಕೊಂಡರು. ಹೆಂಡತಿ ರಾತ್ರಿ ಫೋನು ಹಿಡಿದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಹುಡುಕಿದಳು. 2006ರದ್ದು, ಕೂರುವುದರಿಂದ ತಾನಾಗಿ ನಡೆಯುವವರೆಗೆ ಆರು ಮೆಟ್ಟಿಲು. ಭಾರತ, ಒಮಾನ್, ಘಾನಾ, ನಾರ್ವೆ, ಅಮೆರಿಕ, ಈ ಐದು ದೇಶದ ಮಕ್ಕಳನ್ನು ನೋಡಿ ಮಾಡಿದ್ದು. ಅದರ ಪ್ರಕಾರ ಮಗು ತಾನಾಗಿ ನಡೆಯುವುದು 8.2 ತಿಂಗಳಿಂದ 17.6 ತಿಂಗಳೊಳಗೆ ಯಾವಾಗಲಾದರೂ ಆಗಬಹುದು. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲೇ ಇಡುವುದಿಲ್ಲ.

"ಭಾರತ ಅಂದರೆ ಎಲ್ಲಿ?" ಎಂದರು ಅಮ್ಮ.

"ದಿಲ್ಲಿ."

"ಹಾಗೆ ಹೇಳು" ಎಂದು ಎದ್ದು ಹೋದರು. ಪಟ್ಟಿಯ ಮರ್ಯಾದೆ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ವಿಡಿಯೋ ಬಂತು. ದೊಡ್ಡಪ್ಪನ ಮೊಮ್ಮಗ, ನಮ್ಮವಳಿಗಿಂತ ಚಿಕ್ಕವನು, ಚಾವಡಿಯಲ್ಲಿ ನಡೆಯುತ್ತಿದ್ದಾನೆ. ಹಿನ್ನೆಲೆಯಲ್ಲಿ ಚಪ್ಪಾಳೆ. ಗ್ರೂಪಿನ ತುಂಬ ಕೈಮುಗಿದ ಚಿತ್ರ. ಹೆಂಡತಿ ವಿಡಿಯೋ ನಿಲ್ಲಿಸಿ, ದೊಡ್ಡದು ಮಾಡಿ ತೋರಿಸಿದಳು. ಅಂಗಿಯ ಹಿಂದೆ, ಮೂಲೆಯಲ್ಲಿ, ಎರಡು ಚಿನ್ನದ ಬಳೆ. ಬಳೆಯ ತುದಿಯಲ್ಲಿ ಬೆರಳು. ಬೆರಳಿನಲ್ಲಿ ಹುಡುಗನ ಅಂಗಿ. "ಇದು ಹಿಡಿದು ನಡೆಸುವುದು. ಪಟ್ಟಿಯಲ್ಲಿ ನಾಲ್ಕನೆಯದು. ಆರನೆಯದಲ್ಲ" ಎಂದಳು. ಆದರೂ ಗ್ರೂಪಿನಲ್ಲಿ ಎಲ್ಲರಿಗಿಂತ ದೊಡ್ಡ ಹೃದಯದ ಚಿತ್ರ ಹಾಕಿದವಳು ಅವಳೇ.

ದೊಡ್ಡಪ್ಪನ ಲೆಕ್ಕವೇ ಬೇರೆ. ಅವರು ನಡೆದದ್ದು ಎಂಟು ತಿಂಗಳಿಗೆ. ಅವರ ಮಗ ಒಂಬತ್ತಕ್ಕೆ. ಮೊಮ್ಮಗ ಹತ್ತಕ್ಕೆ. "ಈಗಿನ ಮಕ್ಕಳಲ್ಲಿ ಗಟ್ಟಿ ಇಲ್ಲ" ಎಂದು ತಲೆ ಅಲ್ಲಾಡಿಸುತ್ತಾರೆ. ಪಟ್ಟಿ ನೋಡಿದರೆ ಎಂಟು ತಿಂಗಳಿಗೆ ನಡೆಯುವುದು ನೂರರಲ್ಲಿ ಒಂದು ಮಗು. ನಮ್ಮ ಕುಟುಂಬದಲ್ಲಿ ಎಪ್ಪತ್ತು ದಾಟಿದವರೆಲ್ಲ ಆ ಒಂದೇ. ತಲೆ ನರೆತಷ್ಟೂ ನಡೆದ ತಿಂಗಳು ಹಿಂದೆ ಹೋಗುತ್ತದೆ ಎಂಬುದು ನನ್ನ ಗುಮಾನಿ. ಸಾಕ್ಷಿ ಹೇಳುವವರು ಉಳಿದಿರುವುದಿಲ್ಲವಲ್ಲ!

ಒಬ್ಬರು ಉಳಿದಿದ್ದರು.

ದೊಡ್ಡಪ್ಪನ ಮನೆಯಲ್ಲಿ ರಾತ್ರಿಗೆ ದುರ್ಗಾಪೂಜೆ. ಭಟ್ಟರು ಸಂಜೆಯಿಂದ ಕೂತು ಮಂಡಲ ಬರೆದಿದ್ದರು. ಬಿಳಿಗೆ ಅಕ್ಕಿಹುಡಿ, ಹಳದಿಗೆ ಅರಸಿನ, ಕಪ್ಪಿಗೆ ಉಮಿಕರಿ. ಕೊನೆಯ ಗೆರೆ ಎಳೆದು ಬೆನ್ನು ನೇರ ಮಾಡಲು ಎದ್ದರು. ನಾನು ಮಗಳನ್ನು ಮಡಿಲಿನಿಂದ ಇಳಿಸಿರಲಿಲ್ಲ. ಇಳಿಸಿದ್ದು ದೊಡ್ಡಮ್ಮ. "ನೋಡುವಾ, ಹೇಗೆ ಹೋಗುತ್ತಾಳೆ ತೋರಿಸು" ಎಂದರು. ತೋರಿಸಿದಳು. ಎಡಗಾಲು ಮಡಚಿದಳು, ಹಿಮ್ಮಡಿ ಊರಿದಳು, ಈ ಬದಿಯಿಂದ ಹೊಕ್ಕು ಪದ್ಮದ ನಡುವೆ ಹಾದು ಆ ಬದಿಯಿಂದ ಹೊರಬಂದಳು. ಚಡ್ಡಿಯಲ್ಲಿ ಮೂರು ಬಣ್ಣ. ಕೈಯಲ್ಲಿ ದರ್ಭೆ.

ಚಾವಡಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಭಟ್ಟರು ಮಂಡಲ ನೋಡಿದರು, ಚಡ್ಡಿ ನೋಡಿದರು.

"ಎಷ್ಟು ತಿಂಗಳಾಯಿತು?"

"ಹದಿಮೂರು."

"ಇನ್ನೂ ನಡೆಯುವುದಿಲ್ಲವಾ? ನನ್ನ ಮಗ ಒಂಬತ್ತಕ್ಕೇ ಓಡುತ್ತಿದ್ದ" ಎಂದು ಅಕ್ಕಿಹುಡಿಯ ಗೆರಟೆ ಎತ್ತಿಕೊಂಡರು.

ಆಗ ಮೂಲೆಯ ಕುರ್ಚಿಯಿಂದ ದೊಡ್ಡಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಬಾಯಿಯ ಎಲೆ ಅಡಿಕೆ ಒಂದು ಕೆನ್ನೆಗೆ ಸರಿಸಿ ಹೇಳಿದರು. "ಇದೆಂತ ಹೊಸತು? ನೀನೂ ಹೀಗೇ ಜಾರುತ್ತಿದ್ದವನಲ್ವಾ ತಮ್ಮಾ? ಅಡಿಕೆ ಅಂಗಳದಲ್ಲಿ ಉಜ್ಜಿ ಉಜ್ಜಿ ಕುಂಡೆ ಕೆಂಪಾಗಿ, ಅಮ್ಮ ತೆಂಗಿನೆಣ್ಣೆ ಹಚ್ಚುತ್ತಿದ್ದರು. ಒಂದೂವರೆ ವರ್ಷ ನಿನ್ನನ್ನು ಹೊತ್ತವಳು ನಾನು."

"ಇದು ವಂಶದಲ್ಲಿ ಬರುವುದಂತೆ" ಎಂದಳು ನನ್ನ ಹೆಂಡತಿ, ಬಹಳ ಮೆತ್ತಗೆ. ದೊಡ್ಡಪ್ಪ ಪಾಯಸಕ್ಕೆ ಬೆಲ್ಲ ಸರಿ ಆಗಿದೆಯಾ ನೋಡಲು ಒಳಗೆ ಹೋದರು. ಆ ರಾತ್ರಿ ಅವರು ಪಂಕ್ತಿಗೆ ಬಂದದ್ದು ಎಲ್ಲರಿಗಿಂತ ಕೊನೆಗೆ.

ಮಗಳು ನಡೆದಳು, ಹದಿನೈದು ದಾಟಿದ ಮೇಲೆ. ನೋಡಿದ್ದು ನಾವಲ್ಲ. ವಿಡಿಯೋವೂ ಇಲ್ಲ. ಅಡಿಕೆ ಸುಲಿಯಲು ಬಂದವರು ಮಧ್ಯಾಹ್ನ ಊಟಕ್ಕೆ ಕೂತಾಗ, "ಮಗು ಆಚೆ ಸಿಪ್ಪೆ ರಾಶಿಯ ಹತ್ತಿರ ನಡೆಯುತ್ತಾ ಇತ್ತು. ನಿನ್ನೆಯೂ ನಡೆದಿತ್ತಲ್ಲ?" ಎಂದರು. ನಾವು ಚಾವಡಿಯಲ್ಲಿ ಇಳಿಸಿ, ಬಾ ಬಾ ಎಂದು ಕರೆದರೆ, ಕೂತು ಜಾರಿಕೊಂಡೇ ಬಂದಳು.

ಅಮ್ಮ ಸಂಜೆಯೇ ಫೋನು ಹಿಡಿದರು. ಮೊದಲು ಕರೆ ಮಾಡಿದ್ದು ಚಿಕ್ಕಮ್ಮನಿಗೆ. "ಹದಿನೈದಕ್ಕೆ ನಡೆದಳು." ಕುಂಬಳೆಯ ಅತ್ತಿಗೆಗೆ ಹೇಳುವಾಗ "ಹದಿನಾಲ್ಕು ತುಂಬಿ ಸ್ವಲ್ಪ" ಆಯಿತು. ದೊಡ್ಡಮ್ಮನಿಗೆ ಹೇಳುವ ಹೊತ್ತಿಗೆ ಹದಿಮೂರೂವರೆ. ಪೂಜೆಯ ದಿನ ನಡೆಯುತ್ತಿರಲಿಲ್ಲ ಎಂದು ಅವರಿಗೆ ಗೊತ್ತಿತ್ತಲ್ಲ, ಅದಕ್ಕಿಂತ ಕೆಳಗೆ ಇಳಿಸುವ ಹಾಗಿರಲಿಲ್ಲ. ಆ ಕಡೆಯಿಂದ ದೊಡ್ಡಮ್ಮ ಏನೋ ಕೇಳಿದರು. ಅಮ್ಮ ಮಗಳ ಬಾಯಿಯ ಕಡೆ ನೋಡಿದರು. ಮೇಲೆ ಎರಡು, ಕೆಳಗೆ ಎರಡು.

"ಹಲ್ಲಾ? ಹಾಂ? ಸರಿ ಕೇಳುವುದಿಲ್ಲ ಅಕ್ಕಾ, ಇಲ್ಲಿ ಕುಕ್ಕರ್ ಕೂಗುತ್ತಾ ಉಂಟು" ಎಂದು ಫೋನ್ ಇಟ್ಟರು. ಕುಕ್ಕರ್ ಇನ್ನೂ ಒಲೆಗೇ ಏರಿರಲಿಲ್ಲ.