ನ್ಯೂಟ್ರಾನ್ ನಕ್ಷತ್ರದ ಹೊಟ್ಟ್ಯಾಗ ಕ್ವಾರ್ಕ್ ಜೋಡಿ ಅದಾವೋ ಇಲ್ಲೋ?

ಪರ (ನಂದು)

ಧಾರವಾಡದಾಗ ಎಮ್ಮೆಸ್ಸಿ ಮಾಡುವಾಗ ಲ್ಯಾಬಿನ್ಯಾಗ ಒಂದು ಕರೇ ಸೂಪರ್‌ಕಂಡಕ್ಟರ್ ಬಿಲ್ಲಿ ಇತ್ತು (ಥಂಡಿ ಮಾಡಿದ್ರ ಒಳಗಿನ ಎಲೆಕ್ಟ್ರಾನ್ ಜೋಡಿ ಕಟ್ಟಿ, ಕರೆಂಟ್ ತಡೆ ಇಲ್ದ ಹರಿಯೂ ವಸ್ತು), ಪೇಡೆದಷ್ಟ ಸೈಜು, ಅದಕ್ಕ ಲಿಕ್ವಿಡ್ ನೈಟ್ರೋಜನ್ ಹೊಯ್ದ ಕೂಡ್ಲೆ ಮ್ಯಾಲಿನ ಮ್ಯಾಗ್ನೆಟ್ ಗಾಳ್ಯಾಗ ತೇಲಿ ನಿಂತ್ತು, ಸ್ವಲ್ಪ ಬೆಚ್ಚಗಾತು, ಟಪ್ ಅಂತ ಬಿತ್ತು. ಅವತ್ತಿಂದ ಸೂಪರ್‌ಕಂಡಕ್ಟರ್ ಅಂದ್ರ ಥಂಡಿ ಅಂತ ತಲ್ಯಾಗ ಕುಂತೈತಿ. ಆದ್ರ ಈ ಲೆಕ್ಕ ನೋಡ್ರಿ: ನ್ಯೂಟ್ರಾನ್ ನಕ್ಷತ್ರದ (ದೊಡ್ಡ ನಕ್ಷತ್ರ ಸಿಡಿದ ಮ್ಯಾಲ ಉಳಿಯೂ ಭಾಳ ದಟ್ಟನ ಗಡ್ಡಿ) ಒಳಗ ಸುಮಾರು 10 ಕೋಟಿ ಕೆಲ್ವಿನ್, ಕ್ವಾರ್ಕ್ (ಪ್ರೋಟಾನ್, ನ್ಯೂಟ್ರಾನಿನ ಒಳಗಿನ ಸಣ್ಣ ಕಣ) ಜೋಡಿ ಬಿಡಸಾಕ ಬೇಕಾಗೂದು 10 ಸಾವಿರ ಕೋಟಿ ಆಸುಪಾಸು ಅಂತ ಅಂದಾಜು. ಅಂದ್ರ ಆ ಬೆಂಕ್ಯಾಗೂ ಕ್ವಾರ್ಕಿಗೆ ಗಡಗಡ ಥಂಡಿ!

ಮೆಟಲಿನ್ಯಾಗ ಎಲೆಕ್ಟ್ರಾನ್ ಒಂದನ್ನೊಂದು ದೂಡ್ತಾವು, ಅವನ್ನ ಕೂಡಸಾಕ ಹರಳಿನ ಕಂಪನ ನಡಕ ದಲ್ಲಾಳಿ ಆಗ್ಬೇಕು, 1957ರಾಗ ಬಾರ್ಡೀನ್, ಕೂಪರ್, ಶ್ರೀಫರ್ ಹೇಳಿದ್ದು ಇದನ್ನ. ಕ್ವಾರ್ಕಿಗೆ ದಲ್ಲಾಳಿ ಬ್ಯಾಡ, ಕ್ವಾರ್ಕ್‌ಗಳನ್ನ ಅಂಟಸೂ ಗ್ಲೂಆನ್ ಕಣದ ಬಲಾನ ಕೆಲವು ಜೋಡೀನ ಹತ್ರ ಎಳೀತೈತಿ, ಎಳೆತ ಸಣ್ಣದಿದ್ರೂ ಸಾಕು ಅಂತ ಕೂಪರ್ ತೋರಿಸ್ಯಾನ. 1998ರಾಗ ಆಲ್ಫರ್ಡ್, ರಾಜಗೋಪಾಲ್, ವಿಲ್ಚೆಕ್ ಅವರು, ಅದ ಹೊತ್ತಿಗೆ ಇನ್ನೊಂದು ಗುಂಪು, ಗ್ಯಾಪ್ (ಜೋಡಿ ಒಡ್ಯಾಕ ಬೇಕಾಗೂ ಶಕ್ತಿಯ ಅಳತಿ) 100 ಎಂಇವಿ (ಕಣಗಳ ಶಕ್ತಿ ಅಳಿಯೂ ಮಾನ) ತನಕ ಹೋಗಬಹುದು ಅಂತ ಲೆಕ್ಕ ಕೊಟ್ರು. ಮತ್ತ ಜೋಡಿ ಯಾಕ ಆಗಬಾರ್ದು?

ವಿರೋಧ (ನನ್ನ ರೂಮ್‌ಮೇಟ್ ಬರದದ್ದು, ಒಂದಕ್ಷರ ತಿದ್ದಿಲ್ಲ)

ಲೇ ದೋಸ್ತ, ಜೋಡಿ ಆಮ್ಯಾಲ, ಮೊದಲ ಅಲ್ಲಿ ಬಿಡಿ ಕ್ವಾರ್ಕ್ ಅದಾವು ಅಂತ ಯಾರು ನೋಡ್ಯಾರ? ಹುಡುಗ ಹುಡುಗಿ ಗೊತ್ತಾಗೂಕಿಂತ ಮೊದಲ ಕಲ್ಯಾಣ ಮಂಟಪ ಬುಕ್ ಮಾಡಿದಂಗಾತು. ನಿನ್ನ ಲೆಕ್ಕ ಗಟ್ಟಿ ನಿಲ್ಲೂದು ಭಯಂಕರ ಸಾಂದ್ರತೆ ಇದ್ದಲ್ಲಿ, ನಕ್ಷತ್ರದ ನಟ್ಟನಡುವ ಇರೂದು ಪರಮಾಣು ನ್ಯೂಕ್ಲಿಯಸ್‌ದ ಕೆಲವ ಪಟ್ಟು ಅಷ್ಟ, ಅಲ್ಲಿ ಬಲ ಜೋರಿರ್ತೈತಿ, ಪೇಪರ್ ಮ್ಯಾಲಿನ ಲೆಕ್ಕ ಕೈ ಕೊಡ್ತೈತಿ, ಕಂಪ್ಯೂಟರಿಗೆ ಹಾಕೂಣು ಅಂದ್ರ ಪ್ಲಸ್ಸು ಮೈನಸ್ಸು ಒಂದನ್ನೊಂದು ಹೊಡದು ಕೈಗೆ ಏನೂ ಹತ್ತೂದಿಲ್ಲ. ಅದರಾಗ ಇಲ್ಲಿ ಬರೂ ಮೂರು ಥರದ ಕ್ವಾರ್ಕಿನ್ಯಾಗ (ಅಪ್, ಡೌನ್, ಸ್ಟ್ರೇಂಜ್) ಸ್ಟ್ರೇಂಜ್ ಭಾರ, ಉಳಿದೆರಡರ ಸಂಗಾಟ ಹೆಜ್ಜಿ ಕೂಡೂದು ಕಷ್ಟ.

ಕ್ಯಾಸಿಯೋಪಿಯಾ ಎ (ಸಿಡಿದ ನಕ್ಷತ್ರದ ಅವಶೇಷ) ಒಳಗಿನ ನ್ಯೂಟ್ರಾನ್ ನಕ್ಷತ್ರ ಲಗೂ ತಣ್ಣಗಾಗಾಕತ್ತೈತಿ ಅಂದಾಗ 2011ರಾಗ ಎರಡು ಗುಂಪು ನ್ಯೂಟ್ರಾನ್ ಜೋಡಿ ಮ್ಯಾಲನ ವಿವರಣೆ ಮುಗಿಸಿದ್ರು, ಕ್ವಾರ್ಕಿನ ಹೆಸರು ಬೇಕಾಗ್ಲಿಲ್ಲ. 2010ರಾಗ ಸೂರ್ಯನ ಎರಡು ಪಟ್ಟು ತೂಕದ ಪಲ್ಸಾರ್ (ಗಿರಗಿರ ತಿರಗೂ ನ್ಯೂಟ್ರಾನ್ ನಕ್ಷತ್ರ) ಸಿಕ್ಕ ಮ್ಯಾಲಂತೂ ಅಷ್ಟು ತೂಕ ತಡೀಲಾರದ ಮೆತ್ತನ್ನ ಕ್ವಾರ್ಕ್ ಮಾಡೆಲ್ ಎಷ್ಟೋ ಉದುರಿದವು (ಎಲ್ಲಾ ಅಲ್ಲ, ಒಪ್ಕೋತೀನಿ).

ಇನ್ನ ನಿನ್ನ ಮ್ಯಾಗ್ನೆಟ್ಟು. ಮೂರೂ ಥರದ ಕ್ವಾರ್ಕ್ ಜೋಡಿಯಾದ ಸ್ಥಿತಿಯೊಳಗ ಫೋಟಾನಿಗೆ (ಬೆಳಕಿನ ಕಣ) ಚೂರು ಗ್ಲೂಆನ್ ಬೆರೆತು ಅದು ಭಾರ ಇಲ್ದಂಗನ ಉಳೀತೈತಿ, ಅದಕ್ಕ ಮ್ಯಾಗ್ನೆಟಿಕ್ ಫೀಲ್ಡ್ ಬಹಳಷ್ಟು ಆರಾಮ ಒಳಗ ಹೊಕ್ಕೋತೈತಿ. ಅಲ್ಲಿ ತಡಿಯೂದು ಕಲರ್ ಫೀಲ್ಡಿಗೆ, ಹೋಳಿ ಬಣ್ಣ ಅಲ್ಲ ಮತ್ತ ಅದು, ಕ್ವಾರ್ಕಿನ ಚಾರ್ಜಿಗೆ ಇಟ್ಟ ಹೆಸರು. ನಿನ್ನ ಮ್ಯಾಗ್ನೆಟ್ ಅಲ್ಲಿ ತೇಲೂದಿಲ್ಲ. ಲೈನ್ ಬಜಾರಕ್ಕ ಬಾ, ಇವತ್ತಿನ ಚಾ ನಿಂದ.