ಬೆಟ್ಟದಲ್ಲಿ ಕಲಾ ಉತ್ಸವ ಮಾಡಿ, ಆದರೆ ಸಡಾದ ಮೇಲೆ ಬೇಡ

ಮಳೆ ಹಿಂದೆ ಸರಿದು ಸಹ್ಯಾದ್ರಿಯ ಹುಲ್ಲು ಒಣಗತೊಡಗಿತೆಂದರೆ ಪುಣೆ, ಮುಂಬೈಯ ಕಲಾವಿದರಲ್ಲಿ ಮತ್ತೆ ಅದೇ ಮಾತು ಏಳುತ್ತದೆ: ಗ್ಯಾಲರಿಯ ಬಿಳಿ ಗೋಡೆ ಸಾಕು, ಬೆಟ್ಟಕ್ಕೆ ಹೋಗೋಣ. ಒಳ್ಳೆಯ ಮಾತು, ಆಗಲೇಬೇಕಾದ ಕೆಲಸ. ಆದರೆ ಜಾಗ ಹುಡುಕಲು ಹೊರಟವರು ಹೆಚ್ಚಾಗಿ ಹೋಗಿ ನಿಲ್ಲುವುದು ಸಡಾದ ಮೇಲೆ. ಕಾಸ್, ಪಂಚಗಣಿ, ಆಂಬೋಲಿ, ಚೋರ್ಲಾ ಕಡೆ ಬೆಟ್ಟದ ನೆತ್ತಿಯಲ್ಲಿ ಹಾಸಿಕೊಂಡಿರುವ ಜಂಬಿಟ್ಟಿಗೆಯ ಬಯಲು ಅದು. ಮರವಿಲ್ಲ, ಮನೆಯಿಲ್ಲ, ನಾಲ್ಕೂ ದಿಕ್ಕಿಗೆ ಆಕಾಶ. ಫೋಟೋಗೆ ಇದಕ್ಕಿಂತ ಒಳ್ಳೆಯ ಹಿನ್ನೆಲೆ ಸಿಗದು. ಪುಣೆ, ಮುಂಬೈ, ಗೋವಾದಲ್ಲಿ ಕೆಲಸ ಮಾಡುತ್ತಿರುವ ನಮ್ಮ ಕನ್ನಡದ ಕಲಾವಿದರು, ಆರ್ಕಿಟೆಕ್ಟ್‌ಗಳು, ಫ್ಯಾಬ್ರಿಕೇಟರ್‌ಗಳು ಇಂಥ ಯೋಜನೆಗೆ ಹೂಂ ಅನ್ನುವ ಮೊದಲು ಒಂದಿಷ್ಟು ವಿಷಯ ತಿಳಿದಿರಲಿ ಎಂದು ಈ ಉದ್ದನೆಯ ಬರಹ.

ಜನವರಿಯ ಸಡಾ ಖಾಲಿ ಕಾಣುತ್ತದೆ, ಖಾಲಿ ಇರುವುದಿಲ್ಲ. ಬಂಡೆಯ ಮೇಲೆ ಎಷ್ಟೋ ಕಡೆ ನಾಲ್ಕು ಬೆರಳಿನಷ್ಟೂ ಮಣ್ಣಿರುವುದಿಲ್ಲ. ಅಷ್ಟರಲ್ಲೇ ಮುಂದಿನ ಮಳೆಗಾಲದ ಬೀಜ, ಗೆಡ್ಡೆ ಎಲ್ಲ ಒಣಗಿ ಮಲಗಿರುತ್ತವೆ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಕಾಸ್ ಕೂಡ ಒಂದು. ಅಲ್ಲಿ ದಾಖಲಾಗಿರುವ ಸಸ್ಯಜಾತಿಗಳು ಸುಮಾರು 850. ಸಾವಿರ ಜನ ಒಂದೇ ದಾರಿಯಲ್ಲಿ ನಡೆದರೆ ಆ ತೆಳು ಮಣ್ಣು ಗಟ್ಟಿಯಾಗುತ್ತದೆ. ಜೂನ್‌ನಲ್ಲಿ ನೀರು ಇಂಗದೆ ಮಣ್ಣನ್ನೇ ಹೊತ್ತುಕೊಂಡು ಹೋಗುತ್ತದೆ. ಒಮ್ಮೆ ಕೊಚ್ಚಿಹೋದ ಮಣ್ಣು ಬಂಡೆಯ ಮೇಲೆ ಮತ್ತೆ ಕೂರಲು ಎಷ್ಟೋ ತಲೆಮಾರು ಬೇಕು.

ಬಿಡಿಗಲ್ಲುಗಳ ವಿಷಯವನ್ನಂತೂ ಒತ್ತಿ ಹೇಳಬೇಕು. ಕಲ್ಲಿನ ಮೇಲೆ ಕಲ್ಲಿಟ್ಟು ಗೋಪುರ ಕಟ್ಟುವುದು, ಸುರುಳಿ ಜೋಡಿಸುವುದು ಲ್ಯಾಂಡ್ ಆರ್ಟ್, ಅಂದರೆ ನೆಲ, ಕಲ್ಲು, ಮಣ್ಣನ್ನೇ ಬಳಸಿ ಮಾಡುವ ಕಲೆಯ ಹೆಸರಿನಲ್ಲಿ ತೀರಾ ಸುಲಭವಾಗಿ ಬರುವ ಐಡಿಯಾ. ಸಾಮಗ್ರಿಗೆ ದುಡ್ಡಿಲ್ಲ, 'ನೈಸರ್ಗಿಕ' ಎಂಬ ಸಮಾಧಾನ ಬೇರೆ. ಸಡಾದ ಮೇಲೆ ಅಂಗೈಯಗಲದ ಒಂದು ಕಲ್ಲನ್ನು ಎತ್ತಿ ನೋಡಿ. ಅಡಿಯಲ್ಲಿ ಮಣ್ಣು ಇನ್ನೂ ತಂಪಾಗಿರುತ್ತದೆ. ಚೇಳು, ಹಲ್ಲಿಯ ಮೊಟ್ಟೆ, ಬೆರಳುದ್ದದ ಹಾವು, ಏನಾದರೊಂದು ಇದ್ದೇ ಇರುತ್ತದೆ. ಬಿಸಿಲಿಗೆ ಕಾದ ಬಯಲಿನಲ್ಲಿ ಅವಕ್ಕಿರುವ ನೆರಳು ಅದೊಂದೇ. ಇನ್ನೂರು ಕಲ್ಲಿನ ಸುರುಳಿ ಎಂದರೆ ಇನ್ನೂರು ಮನೆ ಕಿತ್ತಂತೆ. ಕಲಾವಿದ ರಾಬರ್ಟ್ ಸ್ಮಿತ್ಸನ್ 1970ರಲ್ಲಿ ಅಮೆರಿಕದ ಯೂಟಾದ ಉಪ್ಪುಸರೋವರದಲ್ಲಿ ಆರು ಸಾವಿರ ಟನ್ನಿಗೂ ಮಿಕ್ಕಿ ಕಪ್ಪು ಬಸಾಲ್ಟ್ ಕಲ್ಲು, ಮಣ್ಣು ಸುರಿದು ಸುರುಳಿ ಕಟ್ಟಿದರು. ಅದು ಆ ಕಾಲದ, ಆ ಜಾಗದ ಕೃತಿ. ಅದರ ಪುಟ್ಟ ನಕಲು ಆಂಬೋಲಿಗೆ ಬೇಡ. ಆಂಬೋಲಿಯ ಸಡಾದ ಮೇಲೆ, ಮೊದಲ ಮಳೆ ಬಿದ್ದಾಗ ಕಟ್ಟುವ ಅಂಗೈ ಆಳದ ನೀರಿನಲ್ಲಿ ಮೊಟ್ಟೆಯಿಡುವ ಒಂದು ಕಪ್ಪೆಯಿದೆ, ವಿಜ್ಞಾನ ಅದಕ್ಕೆ ಹೆಸರಿಟ್ಟದ್ದೇ 2009ರಲ್ಲಿ. ಆ ಹೊಂಡದ ಪಕ್ಕ ಕೃತಿಯನ್ನು ಬಂಡೆಗೆ ಬಿಗಿಯುವ ಆಂಕರ್ ಬೋಲ್ಟ್‌ಗಾಗಿ ಡ್ರಿಲ್ ಮಾಡಿ ಕಲ್ಲು ಬಿರುಕು ಬಿಟ್ಟರೆ ವಾರಗಟ್ಟಲೆ ನಿಲ್ಲಬೇಕಾದ ನೀರು ಕೆಲವೇ ದಿನಕ್ಕೆ ಬಸಿದುಹೋಗಬಹುದು.

ಹಾಗಾದರೆ ಸಡಾದ ಮೇಲೆ ಹಿಂದೆ ಯಾರೂ ಕಲೆ ಮಾಡಿಯೇ ಇಲ್ಲವೇ ಎಂದರೆ, ಮಾಡಿದ್ದಾರೆ. ರತ್ನಾಗಿರಿ, ಸಿಂಧುದುರ್ಗದ ಸಡಾಗಳ ಮೇಲೂ ಗೋವಾದ ಉಸಗಳಿಮಳದ ಕುಶಾವತಿ ದಂಡೆಯ ಮೇಲೂ ಜಂಬಿಟ್ಟಿಗೆಯಲ್ಲಿ ಕೊರೆದ ಪ್ರಾಣಿಗಳು, ಮನುಷ್ಯರು, ಚಕ್ರವ್ಯೂಹದಂಥ ಸುರುಳಿಗಳು ಇವೆ. ಕೊಂಕಣದ ಈ ಕೊರೆಚಿತ್ರಗಳು 2022ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿವೆ. ಎಷ್ಟೋ ಚಿತ್ರಗಳು ಬೆಳಕಿಗೆ ಬಂದದ್ದು ಮೇಲಿನ ಮಣ್ಣು, ಹುಲ್ಲು ಸರಿಸಿದ ಮೇಲೆ. ಅಂದಮೇಲೆ ನೀವು ಕೃತಿಯ ಪೀಠ ಕೂರಿಸುವ ಜಾಗದ ಅಡಿಯಲ್ಲಿ ಇನ್ನೊಂದು ಇಲ್ಲವೆಂದು ಯಾರು ಹೇಳಬೇಕು? ನನಗೆ ಈ ಒಂದು ಕಾರಣವೇ ಸಾಕು.

ಇನ್ನು ಜಾಗ ಎಲ್ಲಿ? ಮನುಷ್ಯ ಬಳಸಿ ಸದ್ಯಕ್ಕೆ ಬಿಟ್ಟ ನೆಲದಲ್ಲಿ. ಪುಣೆ ಜಿಲ್ಲೆಯ ಮಾವಳ, ಮುಳಶಿ, ಭೋರ್ ಕಡೆ ಭತ್ತದ ಕೊಯ್ಲು ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ಮೆಟ್ಟಿಲು ಗದ್ದೆಗಳು ಬಹಳ ಕಡೆ ಖಾಲಿ ಬೀಳುತ್ತವೆ. ಕೆಲಸ ನಿಂತ ಕಲ್ಲು ಕ್ವಾರಿಗಳಿವೆ, ಬೀಗ ಬಿದ್ದ ಮನೆಗಳಿವೆ. ಜಪಾನಿನ ನಿಗಾತಾದಲ್ಲಿ 2000ರಲ್ಲಿ ಶುರುವಾದ ಎಚಿಗೊ-ತ್ಸುಮಾರಿ ಕಲಾ ಉತ್ಸವ ಸುಮಾರು 760 ಚದರ ಕಿಲೋಮೀಟರ್‌ನಲ್ಲಿ ಹರಡಿದೆ. ಅದನ್ನು ಕಟ್ಟಿದ ಫ್ರಾಂ ಕಿತಾಗವಾ ಕೃತಿಗಳನ್ನು ತಂದಿಟ್ಟದ್ದು ಜನ ಬಿಟ್ಟುಹೋಗುತ್ತಿದ್ದ ಗದ್ದೆ, ಮನೆ, ಶಾಲೆಗಳಲ್ಲಿ. ಅಲ್ಲಿ ಕಲಾವಿದರಾದ ಕಬಕೋವ್ ದಂಪತಿಯ ಕೃತಿಯಲ್ಲಿ ಉಳುವ, ನೆಡುವ, ಕೊಯ್ಯುವ ಆಕೃತಿಗಳು ನಿಜವಾದ ಮೆಟ್ಟಿಲು ಗದ್ದೆಯಲ್ಲೇ ನಿಂತಿವೆ. ಊರಿನ ಬದುಕು ಅಲ್ಲಿ ಕೃತಿಯ ಒಳಗೇ ಇದೆ. ನಾವು ಕಲಿಯಬೇಕಾದದ್ದು ಅದು, ದೊಡ್ಡ ಬಜೆಟ್ ಅಲ್ಲ.

ಗದ್ದೆ ಎಂದ ಕೂಡಲೇ ಕ್ಯಾಲೆಂಡರ್ ರೈತರದ್ದು. ಬೇಸಿಗೆಯಲ್ಲಿ ಅವರು ಸಸಿಮಡಿಯ ಜಾಗದಲ್ಲಿ ಸೊಪ್ಪು, ಸಗಣಿ ಹರಡಿ 'ರಾಬ್' ಸುಡುತ್ತಾರೆ. ಹಾಗಾಗಿ ಡಿಸೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗೆ ಪ್ರದರ್ಶನ, ಫೆಬ್ರವರಿ ಕೊನೆಯೊಳಗೆ ನೆಲ ಖಾಲಿ. ಬದು ಒಡೆದರೆ ಯಾರು ಕಟ್ಟಿಕೊಡುತ್ತಾರೆ ಎಂಬುದನ್ನು ಮರಾಠಿಯಲ್ಲೇ ಕಾಗದಕ್ಕೆ ಇಳಿಸಿ. ಜಮೀನಿನವರ ಒಪ್ಪಿಗೆ, ಗ್ರಾಮ ಪಂಚಾಯತಿಯ ಪತ್ರ ಎರಡೂ ಬೇಕು. ಅರಣ್ಯ ಇಲಾಖೆಯ ಗಡಿಕಲ್ಲು ಎಲ್ಲಿದೆ ಎಂದು ಸ್ಥಳದಲ್ಲೇ ನಿಂತು ನೋಡಿ, ಮ್ಯಾಪ್ ನಂಬಬೇಡಿ. ಲೋಹಗಡದಂಥ ಕೇಂದ್ರ ಸಂರಕ್ಷಿತ ಕೋಟೆಯ ಹತ್ತಿರವಾದರೆ ಮೊದಲ 100 ಮೀಟರ್ ನಿಷೇಧಿತ, ಮುಂದಿನ 200 ಮೀಟರ್ ನಿಯಂತ್ರಿತ ವಲಯ.

ಈಗ ಗಾಳಿ. ಬೆಟ್ಟದಲ್ಲಿ ಕೃತಿಗಳು ಬೀಳುವುದು ಹೆಚ್ಚಾಗಿ ತೂಕದಿಂದಲ್ಲ, ಗಾಳಿಯಿಂದ. ಲೆಕ್ಕ ಸರಳ: ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲಿ ತೆಗೆದುಕೊಂಡು ವರ್ಗ ಮಾಡಿ 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಬೀಳುವ ಒತ್ತಡ ನ್ಯೂಟನ್‌ನಲ್ಲಿ ಸಿಗುತ್ತದೆ. ಚಳಿಗಾಲದಲ್ಲೂ ಗಂಟೆಗೆ 54 ಕಿಲೋಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್ ಬೀಸು ಬರಬಹುದೆಂದು ಇಟ್ಟುಕೊಳ್ಳಿ. 135 ನ್ಯೂಟನ್, ಸುಮಾರು 14 ಕಿಲೋ. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಪ್ಯಾನಲ್‌ಗೆ, ಚಪ್ಪಟೆ ಆಕಾರದ ಗುಣಾಂಕ 1.3 ಸೇರಿಸಿದರೆ 36 ಕಿಲೋ ತಳ್ಳು. ಅದು ನಡುಮಟ್ಟದಲ್ಲಿ, ಒಂದು ಮೀಟರ್ ಎತ್ತರದಲ್ಲಿ ತಳ್ಳುತ್ತದೆ. ಬುಡದ ಚೌಕಟ್ಟು 1.2 ಮೀಟರ್ ಅಗಲವಿದ್ದರೆ ಉರುಳದಂತೆ ಹಿಡಿಯಲು 60 ಕಿಲೋ ಬೇಕು, ಒಂದೂವರೆ ಪಟ್ಟು ಸುರಕ್ಷೆ ಇಟ್ಟರೆ 90. ಎಂದರೆ 25 ಕಿಲೋದ ನಾಲ್ಕು ಮರಳು ಚೀಲ. ಕಾಂಕ್ರೀಟೇ ಬೇಡ. ಮಳೆಗಾಲಕ್ಕೂ ಬಿಡುತ್ತೇವೆ ಎಂದರೆ ಕಥೆ ಬೇರೆ. ಭಾರತೀಯ ಮಾನಕದಲ್ಲಿ ಪುಣೆಗೆ ಲೆಕ್ಕಕ್ಕೆ ಹಿಡಿಯಬೇಕಾದ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಮುಂಬೈಗೆ 44. ಬೆಟ್ಟದ ಏಣಿನ ಮೇಲೆ ಅದನ್ನು 1.36ರವರೆಗೂ ಗುಣಿಸಬೇಕಾಗುತ್ತದೆ. ಆಗ ಒಂದು ಚದರ ಮೀಟರಿಗೆ 170 ಕಿಲೋ ದಾಟುತ್ತದೆ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಅದನ್ನು ನಿಲ್ಲಿಸಬಾರದು. ಬಟ್ಟೆ, ಫ್ಲೆಕ್ಸ್ ಕಟ್ಟುವವರು ನಡುವೆ ಅರ್ಧಚಂದ್ರದ ಸೀಳು ಹಾಕಿ ಗಾಳಿ ಹೋಗುತ್ತದೆ ಅಂದುಕೊಳ್ಳುತ್ತಾರೆ. ಅದರಿಂದ ಒತ್ತಡ ಹೆಚ್ಚೇನೂ ಇಳಿಯುವುದಿಲ್ಲ, ಸೀಳಿನ ತುದಿಯಿಂದ ಹರಿಯುವುದು ಮಾತ್ರ ಶುರುವಾಗುತ್ತದೆ. ಜಾಲರಿ ಬಟ್ಟೆ ಬಳಸಿ.

ಸಾಮಗ್ರಿಯಲ್ಲಿ ಬಿದಿರಿನ ಪರ ನಾನು ಗಟ್ಟಿಯಾಗಿ ವಾದಿಸುತ್ತೇನೆ. ಸಿಂಧುದುರ್ಗದ ಕುಡಾಳ ಕಡೆ ಮಾಣಗಾ ಎನ್ನುವ, ನಮ್ಮಲ್ಲಿ ಮರಿಹಾಳ ಎನ್ನುವ ಜಾತಿ ಮುಳ್ಳಿಲ್ಲದ್ದು, ಒಳಗೆ ಬಹುಪಾಲು ಗಟ್ಟಿ. ಮೂರು ವರ್ಷ ತುಂಬಿದ ಗಳವನ್ನೇ ಕೇಳಿ. ಎಳೆಯದಾದರೆ ಪಿಷ್ಟ ಹೆಚ್ಚು, ಕುಟ್ಟೆ ಹುಳ ಬಿಡುವುದಿಲ್ಲ, ತಿಂಗಳೊಳಗೆ ಬುಡದಲ್ಲಿ ಹಿಟ್ಟು ಉದುರುತ್ತದೆ. ಹುಳ ಹಿಡಿಯದಂತೆ ನೆನೆಸುವ ದ್ರಾವಣಕ್ಕೆ ನೂರು ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್. ಟೊಳ್ಳು ಜಾತಿಯಾದರೆ ಉದ್ದ ಸರಳಿನಿಂದ ಒಳಗಿನ ಗಂಟುಗಳನ್ನು ತೂತು ಮಾಡಿ, ಗಳವನ್ನು ಒಂದರಿಂದ ಎರಡು ವಾರ ಮುಳುಗಿಸಿಡಿ. ಗಂಟು ತೂತು ಮಾಡದಿದ್ದರೆ ದ್ರಾವಣ ಎರಡು ತುದಿಯಲ್ಲೇ ನಿಲ್ಲುತ್ತದೆ. ಈ ಲವಣ ಮಳೆಗೆ ತೊಳೆದುಹೋಗುತ್ತದೆ ಎಂಬುದೂ ಗೊತ್ತಿರಲಿ, ಒಣ ಋತುವಿನ ಉತ್ಸವಕ್ಕೆ ಅದು ತೊಂದರೆಯಲ್ಲ. ಹಸಿ ಬಿದಿರಿಗೆ ಹಗ್ಗ ಕಟ್ಟಿದರೆ ಒಣಗುತ್ತಾ ಗಳ ಸಣ್ಣದಾಗಿ ಗಂಟು ಸಡಿಲಾಗುತ್ತದೆ. ಎರಡು ವಾರಕ್ಕೊಮ್ಮೆ ಎಲ್ಲ ಕಟ್ಟು ಬಿಗಿಯುವ ಕೂಲಿಯನ್ನು ಬಜೆಟ್‌ನಲ್ಲಿ ಇಡಿ. ಬೋಲ್ಟ್ ಹಾಕುವುದಿದ್ದರೆ ಗಂಟಿನ ಪಕ್ಕದಲ್ಲೇ, ಮೊದಲು ರಂಧ್ರ ಕೊರೆದು. ಗೋವಾದ ಕಡಲಗಾಳಿಯಲ್ಲಿ ಕಾರ್-ಟೆನ್ ಸ್ಟೀಲ್, ಅಂದರೆ ಮೇಲಿನ ತುಕ್ಕು ಪದರವೇ ಒಳಗಿನದನ್ನು ಕಾಯುವ ಉಕ್ಕು, ಬೇಡ. ಉಪ್ಪಿಗೆ ಅದರ ತುಕ್ಕು ಪದರ ನೆಲೆ ನಿಲ್ಲುವುದಿಲ್ಲ, ಕಲ್ಲಿಗೆಲ್ಲ ಕೆಂಪು ಕಲೆ.

ಕನ್ನಡಿ ಕೃತಿಗಳು ಈಗ ಫ್ಯಾಶನ್. ಒಣ ಹುಲ್ಲಿನ ನಡುವೆ ಒಳಬಾಗಿದ ಕನ್ನಡಿ ಬಿಸಿಲನ್ನು ಒಂದು ಬಿಂದುವಿಗೆ ತಂದು ಬೆಂಕಿ ಹೊತ್ತಿಸಬಲ್ಲದು. ಹಕ್ಕಿಗಳು ಬಂದು ಬಡಿಯುವುದು ಬೇರೆ. ಜನವರಿಯಿಂದ ಇಲ್ಲಿ ವಣವಾ, ಅಂದರೆ ಹುಲ್ಲುಗಿಚ್ಚಿನ ಕಾಲ. ಪ್ರತಿ ಕೃತಿಯ ಸುತ್ತ ಮೂರು ಮೀಟರ್ ಹುಲ್ಲು ಕೊಯ್ದಿರಬೇಕು, ದೀಪ, ಪಂಜು, ಜನರೇಟರ್ ಇರಬಾರದು, ಸಂಜೆ ಆರಕ್ಕೆ ಮುಗಿಸಬೇಕು. ಕಡಿದಾದ ಬಂಡೆಯ ಅಡಿಯಲ್ಲಿ ಜಾಗ ಆರಿಸುವ ಮೊದಲು ತಲೆಯೆತ್ತಿ ನೋಡಿ: ಹೆಜ್ಜೇನಿನ ತಟ್ಟಿ ಇದ್ದರೆ ಆ ಜಾಗ ಬಿಡಿ. ಹೊಗೆ, ಗಾಢ ಸುಗಂಧ, ಡ್ರೋನಿನ ಗುಂಯ್‌ಗುಟ್ಟುವಿಕೆ ಮೂರೂ ಅವನ್ನು ಕೆರಳಿಸುತ್ತವೆ. ಕುಡಿಯುವ ನೀರನ್ನು ಊರಿನ ಬಾವಿಯಿಂದ ಎತ್ತಬೇಡಿ. ಸಾವಿರಾರು ಮಿಲಿಮೀಟರ್ ಮಳೆ ಬೀಳುವ ಇದೇ ಊರುಗಳಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಬರುತ್ತದೆ.

ಶಾಶ್ವತವಾದದ್ದು ಬೇಕೇ ಬೇಕು ಎನ್ನುವವರಿಗೂ ದಾರಿಯಿದೆ. ಇಟಲಿಯ ಆರ್ತೆ ಸೆಲ್ಲಾ ಎಂಬ ಬಯಲು ಕಲಾತಾಣದಲ್ಲಿ ಕಲಾವಿದ ಜೂಲಿಯಾನೋ ಮೌರಿ 2001ರಲ್ಲಿ ಕೊಂಬೆ ಹೆಣೆದ 80 ಕಂಬಗಳ ಚರ್ಚ್ ಕಟ್ಟಿದರು. ಪ್ರತಿ ಕಂಬದೊಳಗೆ ಒಂದು ಸಸಿ. ಹೆಣಿಗೆ ಕೊಳೆತಂತೆ ಮರವೇ ಕಂಬವಾಗುತ್ತದೆ. ಇಲ್ಲಿ ಆ ಕೆಲಸಕ್ಕೆ ಪಾಂಗಾರಾ ಇದೆ, ನಮ್ಮ ಹಾಲವಾಣ. ತೋಳುದ್ದದ ಗೂಟವನ್ನು ಮಳೆ ಶುರುವಾದಾಗ ನೆಟ್ಟರೆ ಬೇರು ಬಿಡುತ್ತದೆ. ಊರಿನವರು ಹೇಗೂ ಬೇಲಿಗೆ ನೆಡುತ್ತಾರೆ. ಜಮೀನಿನವರು ಒಪ್ಪಿದರೆ ಬದುವಿನ ಮೇಲೆ ಚಳಿಗಾಲದಲ್ಲಿ ಬಿದಿರಿನ ಚೌಕಟ್ಟು, ಜೂನ್‌ನಲ್ಲಿ ಅದರೊಳಗೆ ಗೂಟ. ಒಂದೆರಡು ವರ್ಷದಲ್ಲಿ ಬಿದಿರು ಹೋದರೂ ಮರ ನಿಂತಿರುತ್ತದೆ, ಮಾರ್ಚ್‌ನಲ್ಲಿ ಕೆಂಪಗೆ ಹೂ ಬಿಟ್ಟು ಹಕ್ಕಿಗಳನ್ನೂ ಕರೆಯುತ್ತದೆ.

ನಿಮ್ಮ ಹೆಸರು ಇರುವ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ತೆರವಿನ, ಅಂದರೆ ಕೃತಿ ಕಳಚಿ ನೆಲ ಖಾಲಿ ಮಾಡುವ ಕೆಲಸದ ಪುಟ ಎಲ್ಲಿದೆ ಎಂದು ಕೇಳಿ. ಒಟ್ಟು ಹಣದ ಐದನೇ ಒಂದು ಭಾಗ ತೆರವಿಗೇ ಮೀಸಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಆಯೋಜಕರ ಖಾತೆಯಲ್ಲಿ ಇರದೆ ಪಂಚಾಯತಿಯಲ್ಲಿ ಠೇವಣಿಯಾಗಿ ಇರಲಿ. ಕಟ್ಟುವ ಮೊದಲು ಪ್ರತಿ ಜಾಗದ ನಾಲ್ಕು ದಿಕ್ಕಿನ ಫೋಟೋ, ತೆರವಾದ ಮೇಲೆ ಅದೇ ಕೋನದಿಂದ ಮತ್ತೆ ನಾಲ್ಕು. ಎರಡನ್ನೂ ಪಕ್ಕಪಕ್ಕ ಇಟ್ಟು ಗದ್ದೆಯವರು ಸರಿ ಎಂದ ಮೇಲೆಯೇ ಠೇವಣಿ ವಾಪಸ್. ಈ ಷರತ್ತಿಗೆ ಒಪ್ಪದ ಆಯೋಜಕರ ಜೊತೆ ಕೆಲಸ ಮಾಡಬೇಡಿ.